ಊರ ಕಲ್ಲು ಓದಲಾರದ ಮಕ್ಕಳಿಗೆ ಯಾವ ಸಮ್ಮರ್ ಕ್ಯಾಂಪ್?



ಮಾರ್ಚ್ ಬಂತೆಂದರೆ ನನ್ನಂಥ ಪ್ರೆಸ್ಸಿನವರಿಗೆ ಮದುವೆ ಕಾರ್ಡಿನ ಜೊತೆಗೆ ಇನ್ನೊಂದು ಕೆಲಸ ಬರುತ್ತದೆ. ಸಮ್ಮರ್ ಕ್ಯಾಂಪಿನ ಕರಪತ್ರ! ಸ್ಪೋಕನ್ ಇಂಗ್ಲಿಷ್, ಅಬಾಕಸ್, ವೆಸ್ಟರ್ನ್ ಡ್ಯಾನ್ಸ್, ಪರ್ಸನಾಲಿಟಿ ಡೆವಲಪ್‌ಮೆಂಟ್. ಚನ್ನಗಿರಿಯಾಗಲಿ, ಹೊನ್ನಾಳಿಯಾಗಲಿ, ನ್ಯಾಮತಿಯಾಗಲಿ, ಜಗಳೂರಾಗಲಿ, ಊರಿನ ಹೆಸರು ಬದಲಾಯಿಸಿದರೆ ಸಾಕು, ಮ್ಯಾಟರ್ ಒಂದೇ. ಹುಡುಕಿದರೂ ಒಂದಕ್ಷರ ಕನ್ನಡ ಸಿಗದು. ದುಡ್ಡು ಕೊಟ್ಟವರಿಗೆ ಅಚ್ಚು ಹಾಕಿಕೊಡುವುದು ನನ್ನ ಕಸುಬು. ಬಾಯಿ ಮುಚ್ಚಿಕೊಂಡಿರುವುದು ನನ್ನ ಕಸುಬಲ್ಲ!

ಜೂನ್‌ನಲ್ಲಿ ಇದೇ ಮಕ್ಕಳು ಆರು, ಏಳು, ಎಂಟನೇ ತರಗತಿಯ ಇತಿಹಾಸದ ಪಾಠಕ್ಕೆ ಕೂರುತ್ತಾರೆ. ಶಾಸನ, ನಾಣ್ಯ, ಸ್ಮಾರಕ ಇವೇ ಇತಿಹಾಸದ ಆಧಾರ ಎಂದು ಬಾಯಿಪಾಠ ಮಾಡುತ್ತಾರೆ. ಶಾಸನ ಅಂದರೇನಪ್ಪಾ ಎಂದರೆ 'ಕಲ್ಲಿನ ಮೇಲಿನ ಬರಹ' ಎನ್ನುತ್ತಾರೆ. ನೋಡಿದ್ದೀಯಾ? ಇಲ್ಲ. ಊರ ಬಾಗಿಲಲ್ಲಿ ಸುಣ್ಣ ಬಳಿಸಿಕೊಂಡು ನಿಂತ ಕಲ್ಲು ಯಾವುದು? ಗೊತ್ತಿಲ್ಲ. ಇದು ಮಕ್ಕಳ ತಪ್ಪೇ? ಅಲ್ಲವೇ ಅಲ್ಲ. ತೋರಿಸದ ನಮ್ಮ ತಪ್ಪು.

ಬಿ.ಎಲ್. ರೈಸ್ ಎಂಬ ಇಂಗ್ಲಿಷರವನು ನಮ್ಮ ನಾಡಿನ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಚನ್ನಗಿರಿ, ಹೊನ್ನಾಳಿ ತಾಲ್ಲೂಕಿನ ಕಲ್ಲುಗಳು 1902ರ ಏಳನೇ ಸಂಪುಟದಲ್ಲಿವೆ. ಜಗಳೂರಿನವು ಹನ್ನೊಂದನೆಯದರಲ್ಲಿ. ನ್ಯಾಮತಿ ಆಗ ಹೊನ್ನಾಳಿಗೇ ಸೇರಿತ್ತು. ಇಂಗ್ಲಿಷರವನು ಕನ್ನಡ ಕಲ್ಲು ಓದಿದ. ಕನ್ನಡದವರು ಆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಸಾವಿರಾರು ರೂಪಾಯಿ ಸುರಿಯುತ್ತಿದ್ದೇವೆ. ನಾಚಿಕೆಯಾಗಬೇಡವೇ?

ಕನ್ನಡದ ಹೋರಾಟಕ್ಕೂ ಕಲ್ಲಿಗೂ ಏನು ಸಂಬಂಧ ಎನ್ನುವವರು ಡಾ. ಎಂ. ಚಿದಾನಂದಮೂರ್ತಿಯವರನ್ನು ನೆನೆಯಲಿ. ಹುಟ್ಟಿದ್ದು ಇದೇ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ, 1931ರಲ್ಲಿ. 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಬರೆದವರೂ ಅವರೇ, ಕನ್ನಡಕ್ಕಾಗಿ ಬೀದಿಗಿಳಿದವರೂ ಅವರೇ. 2020ರಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಕಂಬನಿ ಮಿಡಿಯಿತು. ಅವರ ತಾಲ್ಲೂಕಿನ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು?

ಬರೀ ಬೈದರೆ ಆಗದು. ಏಪ್ರಿಲ್, ಮೇ ತಿಂಗಳಲ್ಲಿ ಏನು ಮಾಡಬೇಕು, ಕೇಳಿ.

ಮೊದಲು ಊರಿನ ಕಲ್ಲು. ಬೆಳಿಗ್ಗೆ ಏಳಕ್ಕೆ ಅಥವಾ ಸಂಜೆ ಬಿಸಿಲು ಓರೆಯಾದಾಗ ಮಕ್ಕಳನ್ನು ಕರೆದೊಯ್ಯಿರಿ. ನಡುಮಧ್ಯಾಹ್ನ ಕಾಣದ ಅಕ್ಷರ ಆಗ ಎದ್ದು ಕಾಣುತ್ತದೆ. ವೀರಗಲ್ಲಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಬಳೆ ತೊಟ್ಟ ತೋಳು ಮೇಲೆತ್ತಿದ್ದರೆ ಮಾಸ್ತಿಗಲ್ಲು. ಸೂರ್ಯ ಚಂದ್ರ ಯಾಕೆ ಕೆತ್ತಿದ್ದಾರೆ? ಅವೆರಡೂ ಇರುವ ತನಕ ಈ ಮಾತು ನಿಲ್ಲಲಿ ಎಂದು. ಯಾವ ಕಾಮಿಕ್ಸ್ ಪುಸ್ತಕಕ್ಕೆ ಇದು ಕಡಿಮೆ?

ತೆಳು ಕಾಗದ ಕಲ್ಲಿನ ಮೇಲಿಟ್ಟು ಪೆನ್ಸಿಲ್ ಅಡ್ಡಡ್ಡ ಉಜ್ಜಿದರೆ ಅಕ್ಷರ ಬಿಳಿಯಾಗಿ ಮೂಡುತ್ತದೆ. ಶಾಸನ ತಜ್ಞರು ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದೂ ಹೀಗೆಯೇ. ಆದರೆ ಮಕ್ಕಳಿಗೆ ಮಸಿ ಬೇಡ, ಸಂರಕ್ಷಿತ ಸ್ಮಾರಕವನ್ನು ಮುಟ್ಟುವುದೂ ಬೇಡ. ಹಳೆಯ ಅಕ್ಷರ ಓದಲು ಬಾರದಿದ್ದರೆ ರೈಸನ ಸಂಪುಟ ತೆಗೆಯಿರಿ, ಊರಿನ ಹೆಸರು ಹಿಡಿದು ಹುಡುಕಿ. ಪಠ್ಯ ಕನ್ನಡ ಲಿಪಿಯಲ್ಲೇ ಇದೆ. ಕಾಗದಕ್ಕೆ ಚಿಂತೆ ಬೇಡ. ಕಟಿಂಗ್‌ನಲ್ಲಿ ಉಳಿದ ಹಾಳೆ ಯಾವ ಪ್ರೆಸ್ಸಿನಲ್ಲೂ ಇರುತ್ತದೆ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಚನ್ನಗಿರಿಯ ಮಕ್ಕಳು ಸಂತೇಬೆನ್ನೂರಿಗೆ ಹೋಗಲಿ. ಕೆಂಗ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲು ಎಣಿಸಲಿ. ಎದುರಿನ ಮುಸಾಫಿರಖಾನೆಯ ಚಿತ್ರ ಬರೆಯಲಿ. ಸೂಳೆಕೆರೆ ಏರಿಯ ಮೇಲೆ ದೊಡ್ಡವರ ಜೊತೆ ನಡೆಯಲಿ, ನೀರಿಗಿಳಿಯುವುದು ಮಾತ್ರ ಬೇಡ. ಸಿದ್ಧ, ಬಸವ ಎಂಬ ತೂಬುಗಳ ಹೆಸರು ಕೇಳಲಿ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಇಷ್ಟು ನೀರು ಹಿಡಿದ ಜಾಣ್ಮೆ ಎಂಥದ್ದೆಂದು ನೋಡಲಿ. ಶಾಂತವ್ವನ ಕಥೆ ಕೇಳಲಿ. ಕಥೆ ಯಾವುದು, ಕಲ್ಲಿನಲ್ಲಿ ಬರೆದದ್ದು ಯಾವುದು ಎಂದು ಬೇರೆ ಮಾಡಲು ಕಲಿತ ದಿನ ಆ ಮಗು ಇತಿಹಾಸದ ವಿದ್ಯಾರ್ಥಿಯಾಯಿತು.

ಹೊನ್ನಾಳಿಯವರು 1830ರ ನಗರ ದಂಗೆಯ ಬಗ್ಗೆ ಹುಡುಕಲಿ. ಬೂದಿ ಬಸವಪ್ಪನಾಯಕನ ಕಡೆಯವರು ಕಾದಿದ ನೆಲ ಇದು. ಅದೇ ದಂಗೆಯ ನೆಪ ಮಾಡಿ 1831ರಲ್ಲಿ ಕಂಪನಿಯವರು ಮೈಸೂರಿನ ಆಡಳಿತ ಕಿತ್ತುಕೊಂಡು 1881ರವರೆಗೆ ಬಿಡಲಿಲ್ಲ. ನ್ಯಾಮತಿಯವರಿಗೆ ಸಿಂದರು ಆಳಿದ ಬೆಳಗುತ್ತಿ ಇದೆ, ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇದೆ. ತಾಂಡಾದ ಅಜ್ಜಿ ಲಂಬಾಣಿಯಲ್ಲಿ ಹಾಡುವುದನ್ನು ಮೊಮ್ಮಗಳು ಕನ್ನಡ ಲಿಪಿಯಲ್ಲಿ ಬರೆದಿಡಲಿ. ಕನ್ನಡ ಯಾರ ತಾಯ್ನುಡಿಯನ್ನೂ ತುಳಿಯುವುದಿಲ್ಲ.

ಜಗಳೂರಿನಲ್ಲಿ ಏನಿದೆ ಎನ್ನಬೇಡಿ. ಬರಗಾಲವೇ ಅಲ್ಲಿನ ಇತಿಹಾಸ! ಅಜ್ಜನ ಕಾಲದಲ್ಲಿ ಬಾವಿಯ ನೀರು ಎಷ್ಟು ಆಳದಲ್ಲಿತ್ತು? ಯಾವ ವರ್ಷ ಗುಳೆ ಹೋದರು? 57 ಕೆರೆಗಳಿಗೆ ತುಂಗಭದ್ರೆಯ ನೀರು ತರಬೇಕಾದ ಸ್ಥಿತಿ ಯಾಕೆ ಬಂತು? ಹತ್ತು ಮನೆ ಕೇಳಿ ಬರೆದರೆ ಅದೇ ಪುಸ್ತಕ.

'ಹಾಗಾದರೆ ಇಂಗ್ಲಿಷ್ ಬೇಡವೇ?' ಎನ್ನುತ್ತೀರಿ. ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ವರ್ಷದಲ್ಲಿ ಹತ್ತು ತಿಂಗಳು ಅದಕ್ಕೇ ಕೊಟ್ಟಿದ್ದೀರಿ. ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ನಮ್ಮದೇ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಶಾಲೆಯೊಳಗೆ ಸೋತಿದ್ದೇವೆ, ನಿಜ. ಬೇಸಿಗೆ ರಜೆಗೆ ಯಾವ ಕೋರ್ಟಿನ ತಡೆಯಾಜ್ಞೆ ಇದೆ? ಅದನ್ನೂ ನಾವೇ ಕೈಯಾರೆ ಒಪ್ಪಿಸಿಬಿಡಬೇಕೇ?

ನವೆಂಬರ್ ಒಂದಕ್ಕೆ ಬಾವುಟ ಏರಿಸಿ ಆರ್ಕೆಸ್ಟ್ರಾ ಮಾಡಿಸುವ ಸಂಘಗಳಿಗೂ ಈ ಪ್ರಶ್ನೆ. ಆರ್ಕೆಸ್ಟ್ರಾದ ದುಡ್ಡಿನಲ್ಲಿ ಕಾಲು ಭಾಗ ಸಾಕು, ಒಂದು ಹೋಬಳಿಯ ಮಕ್ಕಳಿಗೆ ಹತ್ತು ದಿನ ಬಸ್ಸು, ಬುತ್ತಿ, ಪುಸ್ತಕ ಒದಗುತ್ತದೆ. ಎಸ್‌ಡಿಎಂಸಿಯವರು ಶಾಲೆಯ ಕೋಣೆ ಕೊಡಲಿ. ಗ್ರಾಮ ಪಂಚಾಯಿತಿ ತನ್ನ ಗ್ರಂಥಾಲಯದ ಬಾಗಿಲು ತೆರೆಯಲಿ. ನಿವೃತ್ತ ಮೇಷ್ಟ್ರುಗಳು ಮುಂದೆ ಬರಲಿ. ತಂದೆತಾಯಂದಿರು ಇಷ್ಟು ಮಾತ್ರ ಮಾಡಲಿ: ಹಣ ಕಟ್ಟುವ ಮೊದಲು ಈ ಕ್ಯಾಂಪಿನಲ್ಲಿ ನಮ್ಮೂರಿನ ಬಗ್ಗೆ ಏನು ಕಲಿಸುತ್ತೀರಿ ಎಂದು ಕೇಳಲಿ.

ನಿಧಿ ಕಳ್ಳರು ಅಗೆದರೂ, ರಸ್ತೆ ಕೆಲಸದವರು ಹೂತರೂ ಕಲ್ಲು ಕೂಗಿಕೊಳ್ಳುವುದಿಲ್ಲ. ಅದನ್ನು ಓದಬಲ್ಲ ಮಗು ಊರಲ್ಲಿದ್ದರೆ ಆ ಮಗು ಕೂಗುತ್ತದೆ. ಅಂಥ ಹತ್ತು ಮಕ್ಕಳನ್ನು ಪ್ರತಿ ಊರಿನಲ್ಲೂ ಈ ಬೇಸಿಗೆಯಲ್ಲೇ ತಯಾರು ಮಾಡಿ. ಏಳಿ ಕನ್ನಡಿಗರೇ!