ಹದಿನೈದರ ಮಗಳು, ಯುರೋಪಿನ ಚಳಿ

ಜಮಖಂಡಿ ಸೀಮೆಯ ಸಾವಳಗಿಯ ಸುತ್ತಮುತ್ತ ಚಳಿಗಾಲವೆಂದರೆ ಬಿಡುವಿನ ಕಾಲವಲ್ಲ. ದ್ರಾಕ್ಷಿಯ ಬಳ್ಳಿಗೆ ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ ಮೇಲೆ ಹಣ್ಣು ಕೈಗೆ ಬರಲು ಸುಮಾರು ನಾಲ್ಕು ತಿಂಗಳು ಬೇಕು. ಡಿಸೆಂಬರ್, ಜನವರಿ ಆ ಅವಧಿಯ ನಟ್ಟನಡುವೆ ಬರುತ್ತವೆ. ಒಂದು ರಾತ್ರಿ ಮಂಜು ದಟ್ಟವಾಗಿ ಇಳಿದರೆ ಬೆಳೆಗಾರನಿಗೆ ಬೆಳಗಿನ ನಿದ್ದೆ ಇಲ್ಲ. ಕಬ್ಬಿನವರ ಪಾಡೂ ಬೇರೆಯಲ್ಲ. ಕಾರ್ಖಾನೆ ಆರಂಭವಾಗಿ ಕಟಾವಿನ ಸರದಿ ಕಾಯುವ ದಿನಗಳು ಅವು. ಇಂಥ ಊರಿನಲ್ಲಿ ಒಂದು ಮನೆಯವರು ಚಳಿಗಾಲದಲ್ಲಿಯೇ ಯುರೋಪಿಗೆ ಹೋಗಿಬರುವ ಆಲೋಚನೆ ಮಾಡಿದರೆ ಅದನ್ನು ಹುಚ್ಚೆನ್ನಬೇಕೆ, ಹುರುಪೆನ್ನಬೇಕೆ?

ಅಂಥದೊಂದು ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ತಂದೆ ದ್ರಾಕ್ಷಿ ಬೆಳೆಗಾರ. ತಾಯಿ ಕನ್ನಡ ಶಾಲೆಯ ಶಿಕ್ಷಕಿ. ಮಗಳು ಒಂಬತ್ತನೆಯ ತರಗತಿಯಲ್ಲಿ ಓದುವ ಹದಿನೈದರ ಹುಡುಗಿ. ಮನೆಗೆ ಹಿರಿಯಳಾಗಿ ಅಜ್ಜಿ. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಸಂಸಾರಗಳಲ್ಲಿ ದ್ರಾಕ್ಷಿತೋಟದ ಬದಲು ಕಚೇರಿಯ ರಜೆ ಇರಬಹುದು, ಅಷ್ಟೆ. ಉಳಿದ ಪ್ರಶ್ನೆಗಳು ಒಂದೇ.

ಮೊದಲ ಪ್ರಶ್ನೆ ಅಜ್ಜಿಯದು. “ಅಲ್ಲಪಾ, ರೊಕ್ಕ ಕೊಟ್ಟು ಚಳಿ ಕೊಳ್ಳಾಕ ಹೊಂಟೀರೇನು?”

ಪ್ರಶ್ನೆ ನಗೆ ತರಿಸುವಂಥದಾದರೂ ಉತ್ತರಕ್ಕೆ ಅರ್ಹವಾದದ್ದು. ನಮ್ಮ ರಾಜ್ಯದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ ಮತ್ತು ಬೇಸಗೆಗೆ. ಏಪ್ರಿಲ್ ಹೊತ್ತಿಗೆ ದ್ರಾಕ್ಷಿಯ ಕೊಯ್ಲೂ ಮುಗಿದಿರುತ್ತದೆ. ಸುಲಭವನ್ನೇ ನೋಡುವುದಾದರೆ ಬೇಸಗೆಯೇ ಸರಿ. ಆದರೆ ಹುಡುಗಿಗೆ ಬೇಕಾದದ್ದು ಹಿಮ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಗದ್ದಲ ಕಳೆದ ಮೇಲೆ, ಜನವರಿಯ ಎರಡನೆಯ ವಾರದಿಂದ, ಯುರೋಪಿನ ಪಟ್ಟಣಗಳಲ್ಲಿ ವಿಮಾನದ ದರವೂ ವಸತಿಯ ದರವೂ ಸಾಮಾನ್ಯವಾಗಿ ಇಳಿಯುತ್ತವೆ. ವಸ್ತುಸಂಗ್ರಹಾಲಯಗಳ ಮುಂದಿನ ಸಾಲು ಗಿಡ್ಡವಾಗುತ್ತದೆ. ಡಿಸೆಂಬರ್ ೨೫ರಂದು ಲಂಡನ್ನಿನಲ್ಲಿ ರೈಲುಗಳೇ ಓಡುವುದಿಲ್ಲ. ಪ್ಯಾರಿಸಿನ ಲೂವ್ರ್ ಆ ದಿನವೂ ಜನವರಿ ೧ರಂದೂ ಬಾಗಿಲು ಮುಚ್ಚಿರುತ್ತದೆ. ಹಬ್ಬದ ದೀಪಗಳನ್ನೇ ನೋಡಬೇಕೆಂಬ ಹಟವಿಲ್ಲದವರಿಗೆ ಜನವರಿಯೇ ಮೇಲು.

ಇನ್ನು, ಈ ವರ್ಷವೇ ಏಕೆ? ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಆ ವರ್ಷದ ಜನವರಿಯಲ್ಲಿ ಮಗುವನ್ನು ಪುಸ್ತಕದಿಂದ ಕದಲಿಸುವವರಿಲ್ಲ. ಅದಾದ ಮೇಲೆ ಕಾಲೇಜು. ಸಾವಳಗಿಯಂಥ ಊರಿನ ಮಕ್ಕಳು ಪಿ.ಯು.ಸಿ.ಗೆಂದು ವಿಜಯಪುರ, ಧಾರವಾಡಗಳ ವಸತಿನಿಲಯ ಸೇರುವುದು ವಾಡಿಕೆ. ಹಾಗೆ ಹೋದ ಮಗಳು ಮುಂದೆ ಮನೆಗೆ ಬರುವುದು ರಜೆಗೆ, ಅತಿಥಿಯಂತೆ. ತಾಯಿತಂದೆಗಳು ಈ ಲೆಕ್ಕವನ್ನು ಬಾಯಿಬಿಟ್ಟು ಆಡುವುದಿಲ್ಲ. ಆದರೆ ಪ್ರವಾಸದ ಮಾತು ಹೊರಡುವುದು ಬಹುಮಟ್ಟಿಗೆ ಈ ಲೆಕ್ಕದಿಂದಲೇ.

ಯಾರು ಹೋಗುವುದು?

ಮೂವರೂ ಹೋಗಬೇಕೆಂಬುದು ಮೊದಲ ಯೋಜನೆ. ಹನ್ನೆರಡು ದಿನ ತೋಟ ಬಿಡಬೇಕೆಂದಾಗ ತಂದೆಯ ಮುಖ ಬಾಡುತ್ತದೆ. ತಮ್ಮನಿಗೆ ತೋಟ ಒಪ್ಪಿಸಬಹುದು. ಆದರೆ ಕಾಯಿ ಹಿಗ್ಗುವ ಕಾಲದಲ್ಲಿ ಔಷಧಿ ಸಿಂಪಡಿಸುವ ಒಂದು ದಿನ ತಪ್ಪಿದರೆ ಇಡೀ ವರ್ಷದ ಗಳಿಕೆ ಹೋದೀತು. ಪ್ರವಾಸಕ್ಕೆ ಕೂಡಿಟ್ಟದ್ದು ಹೋದ ವರ್ಷದ ಒಣದ್ರಾಕ್ಷಿಯ ಹಣ. ಪಣಕ್ಕೆ ಬೀಳುವುದು ಈ ವರ್ಷದ ಬೆಳೆ. ದೇಹ ಪ್ಯಾರಿಸಿನಲ್ಲಿದ್ದು ಮನಸ್ಸು ಬಳ್ಳಿಯ ಕೆಳಗೆ ಇದ್ದರೆ ಆ ಪ್ರವಾಸದಿಂದ ಮೂವರಿಗೂ ಸುಖವಿಲ್ಲ.

ಇಲ್ಲಿ ಅನೇಕ ಮನೆಗಳು “ಹಾಗಾದರೆ ಮುಂದೆ ನೋಡೋಣ” ಎಂದು ಕೈಬಿಡುತ್ತವೆ. ಕೈಬಿಡಬೇಕಾಗಿಲ್ಲ. ತಾಯಿ ಮಗಳಿಬ್ಬರೇ ಹೋಗಿಬರಬಹುದು. ಗಂಡಸಿನ ಜೊತೆಯಿಲ್ಲದೆ ಅಷ್ಟು ದೂರ ಹೇಗೆಂಬ ಅಳುಕು ಅಜ್ಜಿಗಿಂತ ಹೆಚ್ಚಾಗಿ ತಾಯಿಗೇ ಇರುವುದುಂಟು. ಕಾನೂನು ಕೇಳುವುದಾದರೋ ಇಷ್ಟೇ: ಅಪ್ರಾಪ್ತ ವಯಸ್ಸಿನವರ ವೀಸಾಕ್ಕೆ ತಾಯಿತಂದೆ ಇಬ್ಬರ ಒಪ್ಪಿಗೆಯೂ ಬೇಕು. ಜೊತೆಗೆ ಹೋಗದ ತಂದೆ ನೋಟರಿಯ ಮುಂದೆ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಕೊಡಬೇಕು. ಅದರ ಒಂದು ಪ್ರತಿ ತಾಯಿಯ ಕೈಚೀಲದಲ್ಲಿ ಪ್ರವಾಸದುದ್ದಕ್ಕೂ ಇರತಕ್ಕದ್ದು. ತಾಯಿ ಸರಕಾರಿ ನೌಕರಿಯಲ್ಲಿದ್ದರೆ ವಿದೇಶಕ್ಕೆ ಹೊರಡುವ ಮುನ್ನ ಇಲಾಖೆಯ ಅನುಮತಿಯನ್ನೂ ಪಡೆಯಬೇಕು. ಈ ಕಾಗದ ತಡವಾಗುವ ಸಂಭವ ಹೆಚ್ಚಾದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಹಿಡಿಯುವುದು ಜಾಣತನ.

ಎಲ್ಲಿಗೆ ಹೋಗುವುದು?

ತಾಯಿಯ ಆಸೆ ಲಂಡನ್. ಥೇಮ್ಸ್ ನದಿಯ ದಂಡೆಯಲ್ಲಿ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಬೇಕೆಂಬುದು ಕೂಡಲಸಂಗಮವಿರುವ ಜಿಲ್ಲೆಯ ಹೆಣ್ಣುಮಗಳಿಗೆ ಸಹಜವಾದ ಬಯಕೆ. ಮಗಳ ಆಸೆ ಸ್ವಿಟ್ಜರ್ಲೆಂಡಿನ ಹಿಮ ಮತ್ತು ಪ್ಯಾರಿಸ್. ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಲು ಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ: ಬ್ರಿಟನ್ನಿಗೆ ಬೇರೆ ವೀಸಾ, ಷೆಂಗೆನ್ ದೇಶಗಳಿಗೆ ಬೇರೆ ವೀಸಾ. ಹತ್ತು ದಿನಗಳಿಗೆ ಎರಡು ವೀಸಾಗಳ ಖರ್ಚು, ಓಡಾಟ ಹೊರೆಯೇ ಸರಿ. “ಬಸವಣ್ಣ ಎಲ್ಲಿಗೂ ಹೋಗೂದಿಲ್ಲವ್ವಾ, ಮುಂದ ನೋಡೋಣು” ಎಂದು ತಾಯಿ ಬಿಟ್ಟುಕೊಟ್ಟರೆ, ಆ ತ್ಯಾಗ ಮಗಳಿಗೆ ಗೊತ್ತಿರುವುದು ಒಳ್ಳೆಯದು. ಮಕ್ಕಳಿಗೆ ತಿಳಿಯದಂತೆ ಮಾಡಿದ ತ್ಯಾಗ ಮುಂದೆ ಗೊಣಗಾಟವಾಗಿ ಹೊರಬೀಳುವುದುಂಟು.

ಷೆಂಗೆನ್ ಎಂಬುದು ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಂಡೆಯ, ದ್ರಾಕ್ಷಿತೋಟಗಳ ನಡುವಿನ ಒಂದು ಚಿಕ್ಕ ಹಳ್ಳಿ. ಸಾವಳಗಿಯವರಿಗೆ ಪರಕೀಯವೆನಿಸದ ಊರು. ೧೯೮೫ರಲ್ಲಿ ಐದು ದೇಶಗಳು ಅಲ್ಲಿ ಒಪ್ಪಂದ ಮಾಡಿಕೊಂಡು ತಮ್ಮ ನಡುವಿನ ಗಡಿಕಟ್ಟೆಗಳನ್ನು ತೆಗೆಯಲು ನಿಶ್ಚಯಿಸಿದವು. ೨೦೨೫ರ ಹೊತ್ತಿಗೆ ಅಂಥ ದೇಶಗಳು ೨೯. ಒಂದೇ ವೀಸಾದಿಂದ ಇಷ್ಟೂ ಕಡೆ ಓಡಾಡಬಹುದು. ಅರ್ಜಿ ಸಲ್ಲಿಸಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸಿನಲ್ಲಿ ನಾಲ್ಕು ರಾತ್ರಿ, ಜಿನೀವಾದಲ್ಲಿ ಎರಡು, ಇಂಟರ್‌ಲಾಕೆನ್ ಊರಿನಲ್ಲಿ ಮೂರು ಎಂದಿಟ್ಟುಕೊಂಡರೆ ಸ್ವಿಟ್ಜರ್ಲೆಂಡಿಗೆ ಐದು ರಾತ್ರಿ ಬಂದವು. ಇಳಿಯುವುದು ಪ್ಯಾರಿಸಿನಲ್ಲಾದರೂ ಅರ್ಜಿ ಸ್ವಿಟ್ಜರ್ಲೆಂಡಿಗೇ.

ಈ ಮೂರು ಊರುಗಳಿಗಿಂತ ಹೆಚ್ಚು ಬೇಡ. ಪ್ಯಾರಿಸಿನಿಂದ ಜಿನೀವಾಕ್ಕೆ ನೇರ ರೈಲಿನಲ್ಲಿ ಮೂರು ತಾಸಿನ ಮೇಲೆ ಸ್ವಲ್ಪ. ಅಲ್ಲಿಂದ ಇಂಟರ್‌ಲಾಕೆನ್ನಿಗೆ ಹೆಚ್ಚುಕಡಿಮೆ ಅಷ್ಟೇ. ಕೊನೆಗೆ ಎರಡು ತಾಸಿನಲ್ಲಿ ಜೂರಿಕ್, ಅಲ್ಲಿಂದ ವಿಮಾನ. ಹಗಲು ಗಿಡ್ಡವೆಂಬುದನ್ನು ಮರೆಯಬಾರದು. ಡಿಸೆಂಬರಿನ ಕೊನೆಯಲ್ಲಿ ಸಾವಳಗಿಯಲ್ಲಿ ಹನ್ನೊಂದು ತಾಸು ಹಗಲಿದ್ದರೆ ಪ್ಯಾರಿಸಿನಲ್ಲಿ ಎಂಟು ತಾಸಿನ ಮೇಲೆ ತುಸು. ಜನವರಿಯ ನಡುವಿನಲ್ಲಿ ಅರ್ಧ ತಾಸು ಹೆಚ್ಚಬಹುದು. ಬೆಳಗಿನ ಎಂಟೂವರೆಗೆ ಬೆಳಕು, ಸಂಜೆ ಐದೂವರೆಗೆ ಕತ್ತಲೆ. ಹೊರಗಿನ ನೋಟಗಳನ್ನು ಹಗಲಿಗೂ ಒಳಾಂಗಣದ ನೋಟಗಳನ್ನು ಸಂಜೆಗೂ ಇಟ್ಟುಕೊಳ್ಳುವುದು ಚಳಿಗಾಲದ ಮೊದಲ ಸೂತ್ರ.

ಹುಡುಗಿಯ ವಯಸ್ಸಿನ ಒಂದು ಲಾಭ: ಲೂವ್ರ್ ಮುಂತಾದ ದೊಡ್ಡ ಸಂಗ್ರಹಾಲಯಗಳಿಗೆ ಹದಿನೆಂಟರೊಳಗಿನವರಿಗೆ ಪ್ರವೇಶ ಉಚಿತ. ಲೂವ್ರಿಗೆ ಮಂಗಳವಾರ ರಜೆ. ಜಿನೀವಾದ ಹತ್ತಿರ ಸರ್ನ್ ಎಂಬ ಜಗತ್ಪ್ರಸಿದ್ಧ ಭೌತವಿಜ್ಞಾನ ಸಂಸ್ಥೆಯಿದೆ. ೨೦೨೩ರಲ್ಲಿ ಅದು ತೆರೆದ ವಿಜ್ಞಾನ ಪ್ರದರ್ಶನಕ್ಕೂ ಶುಲ್ಕವಿಲ್ಲ. ಭಾರತ ಸರಕಾರ ೨೦೦೪ರಲ್ಲಿ ಕಾಣಿಕೆಯಾಗಿ ಕೊಟ್ಟ ನಟರಾಜನ ವಿಗ್ರಹ ಅದೇ ಸಂಸ್ಥೆಯ ಆವರಣದಲ್ಲಿದೆ. ವಿಜ್ಞಾನ ಓದುವೆನೆಂದು ಹೇಳುತ್ತಿರುವ ಮಗುವಿಗೆ ಆ ಒಂದು ಹಗಲು ಹತ್ತು ಅಂಗಡಿಬೀದಿಗಳಿಗಿಂತ ಮಿಗಿಲು.

ಹಿಮದ ವಿಷಯದಲ್ಲಿ ಒಂದು ಎಚ್ಚರ. ಇಂಟರ್‌ಲಾಕೆನ್ ಊರಿನಲ್ಲಿಯೇ ಹಿಮ ಬಿದ್ದಿರುತ್ತದೆಂಬ ಭರವಸೆಯಿಲ್ಲ. ಅದು ಆರುನೂರು ಮೀಟರಿಗೂ ಕೆಳಗಿನ ಊರು. ಗಾಡಿಯೇರಿ ಗ್ರಿಂಡೆಲ್‌ವಾಲ್ಡ್, ವೆಂಗೆನ್‌ಗಳಿಗೆ ಹೋದರೆ ಆಸೆ ಫಲಿಸುವ ಸಂಭವ ಹೆಚ್ಚು. ೧೯೧೨ರಲ್ಲಿ ಪೂರ್ತಿಯಾದ ಬೆಟ್ಟದ ರೈಲು ೩,೪೫೪ ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ವರೆಗೂ ಒಯ್ಯುತ್ತದೆ. ಟಿಕೆಟ್ಟಿನ ಬೆಲೆ ಹೆಚ್ಚು. ಮೋಡ ಕವಿದರೆ ಕಾಣುವುದು ಬರಿಯ ಬಿಳುಪು. ಆದ್ದರಿಂದ ಮೂರು ದಿನಗಳಲ್ಲಿ ಆಕಾಶ ತಿಳಿಯಾದ ದಿನ ನೋಡಿ, ಅಂದೇ ಬೆಳಿಗ್ಗೆ ಟಿಕೆಟ್ ಕೊಳ್ಳುವುದು ಮೇಲು.

ಕಾಗದಪತ್ರಗಳು

ಪಾಸ್‌ಪೋರ್ಟಿಗೆ ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಒಮ್ಮೆ ಹೋಗಿಬರಬೇಕಾದೀತು. ಅಪ್ರಾಪ್ತರ ಪಾಸ್‌ಪೋರ್ಟ್ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯತನಕ. ಹದಿನೈದು ತುಂಬಿದವರು ಹತ್ತು ವರ್ಷದ್ದನ್ನೂ ಕೇಳಬಹುದು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಸೇರುವುದರಿಂದ ಶಾಲೆಯ ದಾಖಲೆಯಲ್ಲೊಂದು, ಆಧಾರ್ ಚೀಟಿಯಲ್ಲೊಂದು ಕಾಗುಣಿತ ನುಸುಳುತ್ತದೆ. ಅದನ್ನು ಮೊದಲೇ ತಿದ್ದಿಸಿಕೊಳ್ಳಬೇಕು.

ವೀಸಾದ ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಹದಿನೈದು ದಿನ ಮೊದಲಿನತನಕ ಕೊಡಬಹುದು. ಕೊನೆಯ ಗಡುವಿಗೆ ಕಾಯುವುದು ಅಪಾಯ. ಹನ್ನೆರಡು ತುಂಬಿದವರಿಗೆ ಪೂರ್ತಿ ಶುಲ್ಕ. ೨೦೨೪ರ ಜೂನ್‌ನಿಂದ ಅದು ೯೦ ಯೂರೋ. ಬೆರಳಚ್ಚು ಕೊಡಬೇಕಾದ್ದರಿಂದ ಹುಡುಗಿಯೂ ಬೆಂಗಳೂರಿಗೆ ಖುದ್ದಾಗಿ ಬರಬೇಕು. ಕನಿಷ್ಠ ೩೦,೦೦೦ ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ ಹಣ ಮರಳಿ ಸಿಗದಂಥ ಕೋಣೆಗಳನ್ನು ಕಾಯ್ದಿರಿಸಬಾರದು.

ಪೆಟ್ಟಿಗೆಯೊಳಗೆ

ಅಜ್ಜಿ ಕಟ್ಟಿಕೊಡುವ ಬುತ್ತಿಯ ವಿಷಯದಲ್ಲಿ ಸ್ವಲ್ಪ ನಿಷ್ಠುರರಾಗಬೇಕು. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನಾಗಲಿ ಮಾಂಸವನ್ನಾಗಲಿ ಯುರೋಪಿಗೆ ಒಯ್ಯುವಂತಿಲ್ಲ. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ, ಮನೆಯ ತುಪ್ಪ, ಮೂರೂ ನಿಷಿದ್ಧ. ತಾಜಾ ಹಣ್ಣುಗಳಿಗೂ ಬಹುಮಟ್ಟಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಕಡಕ ಜೋಳದ ರೊಟ್ಟಿಗೂ ಶೇಂಗಾ ಚಟ್ನಿಪುಡಿಗೂ ಅಂಥ ಅಡ್ಡಿಯಿಲ್ಲ. ಅವು ಕೆಡುವುದೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೋಟೆಲಿನ ಊಟ ಬಹಳ ತುಟ್ಟಿ. ಒಲೆಯಿರುವ ಕೋಣೆ ಹಿಡಿದರೆ ಸಸ್ಯಾಹಾರಿಗಳಿಗೆ ಅರ್ಧ ಚಿಂತೆ ಕಳೆದಂತೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡಬೇಕು.

ಉಡುಪಿನಲ್ಲಿ ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರಗಳು ಮೇಲು: ಮೈಗಂಟುವ ಒಳಉಡುಪು, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಹೊರಗೆ ಗಾಳಿ ನೀರು ತಡೆಯುವ ಅಂಗಿ. ಒಳಗೆ ಎಲ್ಲ ಕಟ್ಟಡಗಳಲ್ಲೂ ಬೆಚ್ಚಗಿರುವುದರಿಂದ ಕಳಚಲು ಬರಬೇಕು. ಚಳಿ ಮೊದಲು ಹಿಡಿಯುವುದು ಪಾದಗಳಿಂದ. ನೀರಿಳಿಯದ, ಜಾರದ ಬೂಟಿಗೆ ಜಿಪುಣತನ ಸಲ್ಲದು. ಆ ಬೂಟನ್ನು ಹೊರಡುವ ಮುನ್ನ ಹದಿನೈದು ದಿನ ಊರಲ್ಲೇ ಮೆಟ್ಟಿ ಪಳಗಿಸಬೇಕು. ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗುತ್ತದೆ. ಶೀಶೆಯ ಬದಲು ಅಗಲಬಾಯಿಯ ಡಬ್ಬಿ ಒಯ್ಯಬೇಕು. ಔಷಧಿಗಳೂ ತಿಂಗಳ ದಿನಗಳ ಸಾಮಾನೂ ಮನೆಯಿಂದಲೇ ಬರಲಿ. ಔಷಧಿಯ ಜೊತೆ ವೈದ್ಯರ ಚೀಟಿ ಇರಲಿ.

ಮಗಳ ಪಾಲು

ಹದಿನೈದರ ವಯಸ್ಸು ವಿಚಿತ್ರ. ಮಗುವಿನಂತೆ ಕೈಹಿಡಿದು ನಡೆಸಿದರೆ ಸಿಡುಕು. ದೊಡ್ಡವರಂತೆ ಬಿಟ್ಟರೆ ದಿಗಿಲು. ಪ್ರವಾಸದಲ್ಲಿ ಮುನಿಸು ಹುಟ್ಟುವುದು ದಣಿವಿನಿಂದ ಎಷ್ಟೋ, ಕೆಲಸವಿಲ್ಲದ್ದರಿಂದಲೂ ಅಷ್ಟೇ. ಎಲ್ಲವನ್ನೂ ಹಿರಿಯರೇ ನಿರ್ಧರಿಸಿದ ಪ್ರವಾಸದಲ್ಲಿ ಮಕ್ಕಳು ಸಾಮಾನಿನಂತಾಗುತ್ತಾರೆ, ಸಾಮಾನಿಗೆ ಉತ್ಸಾಹವೆಲ್ಲಿಯದು?

ಆದ್ದರಿಂದ ಮೂರು ಕೆಲಸಗಳನ್ನು ಹೊರಡುವ ಮೊದಲೇ ಅವಳಿಗೆ ಒಪ್ಪಿಸಬೇಕು. ಒಂದು, ರೈಲು ವೇಳಾಪಟ್ಟಿ ಮತ್ತು ನಕ್ಷೆ. ಎರಡು, ದಿನದ ಖರ್ಚಿನ ಪುಸ್ತಕ. ಫ್ರಾನ್ಸಿನಲ್ಲಿ ಯೂರೋ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್, ಎರಡನ್ನೂ ರೂಪಾಯಿಗೆ ತಿರುಗಿಸಿ ಬರೆಯುವುದು ಅವಳ ಹೊಣೆ. ಮೂರು, ಪ್ರತಿ ಊರಿನಲ್ಲೂ ಒಂದು ದಿನ ಸಂಪೂರ್ಣ ಅವಳದು; ಅಂದು ತಾಯಿ ಅವಳ ಹಿಂದೆ ನಡೆಯುವವಳು. ಆ ದಿನ ದಾರಿ ತಪ್ಪಿದರೂ ಬೈಯುವಂತಿಲ್ಲ. ಪಾಸ್‌ಪೋರ್ಟ್ ಮತ್ತು ಹಣ ಮಾತ್ರ ತಾಯಿಯ ಬಳಿಯೇ ಇರತಕ್ಕದ್ದು. ಪ್ಯಾರಿಸಿನ ಮೆಟ್ರೋದಲ್ಲಿ ಜೇಬುಗಳ್ಳರ ಕಾಟವುಂಟು. ಆಪತ್ತಿಗೆ ಕರೆಯಬೇಕಾದ ೧೧೨ ಸಂಖ್ಯೆ ಇಬ್ಬರಿಗೂ ಬಾಯಿಪಾಠವಿರಲಿ.

ಹೋಗುವ ಮುನ್ನ ಓದಲು ಕನ್ನಡದಲ್ಲಿಯೇ ಪುಸ್ತಕಗಳಿವೆ. ವಿ. ಕೃ. ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದವರು. ಅವರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇಂದಿಗೂ ರುಚಿಗೆಟ್ಟಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಸಾಗುತ್ತಿದ್ದ ದಾರಿ ಈಗ ಮುಂಬಯಿಯಿಂದ ಒಂದು ರಾತ್ರಿಯದು. ದಾರಿ ಗಿಡ್ಡವಾಯಿತೆಂದು ನೋಡುವ ಕಣ್ಣೂ ಗಿಡ್ಡವಾಗಬೇಕಾಗಿಲ್ಲ.

ಜನವರಿಗೆ ಹೊರಡುವವರ ಪಂಚಾಂಗ ಹೀಗಿರಲಿ: ಮೇ ತಿಂಗಳಲ್ಲಿ ಪಾಸ್‌ಪೋರ್ಟ್, ಜೂನಿನಲ್ಲಿ ಇಲಾಖೆಯ ಅನುಮತಿಗೆ ಅರ್ಜಿ, ಆಗಸ್ಟಿನಲ್ಲಿ ಊರುಗಳ ನಿರ್ಧಾರ, ಸೆಪ್ಟೆಂಬರಿನಲ್ಲಿ ತಂದೆಯ ಒಪ್ಪಿಗೆ ಪತ್ರ ಮತ್ತು ವೀಸಾದ ಅರ್ಜಿ. ಅಕ್ಟೋಬರಿನಲ್ಲಿ ಬಳ್ಳಿಗೆ ಕತ್ತರಿ ಬೀಳುವ ಹೊತ್ತಿಗೆ ಕಾಗದದ ಕೆಲಸವೆಲ್ಲ ಮುಗಿದಿದ್ದರೆ ತೋಟದವನಿಗೂ ನೆಮ್ಮದಿ, ಹೊರಡುವವರಿಗೂ ನೆಮ್ಮದಿ. ಶಾಲೆಯ ಗುರುಗಳಿಗೆ ಮೊದಲೇ ತಿಳಿಸಿ, ತಪ್ಪುವ ಪಾಠಗಳನ್ನು ಯಾವಾಗ ತುಂಬಿಕೊಳ್ಳುವುದೆಂದು ಗೊತ್ತುಮಾಡಿಕೊಳ್ಳುವುದೂ ಇದೇ ಪಂಚಾಂಗದಲ್ಲಿ ಸೇರಬೇಕು. ಖರ್ಚಿನ ಪುಸ್ತಕವನ್ನು ಹುಡುಗಿ ಹಿಂದಿರುಗಿದ ಮೇಲೆ ತಂದೆಗೆ ಒಪ್ಪಿಸಲಿ. ಒಣದ್ರಾಕ್ಷಿಯ ಹಣ ಎಲ್ಲೆಲ್ಲಿ ಹೋಯಿತೆಂಬುದನ್ನು ಮಗಳ ಕೈಬರಹದಲ್ಲಿ ಓದುವುದು, ಊರಲ್ಲೇ ಉಳಿದವನಿಗೆ ಸಲ್ಲಬೇಕಾದ ಪ್ರವಾಸದ ಪಾಲು.