ಮಮ್ಮಿ ಓದಿದ್ದನ್ನ ನಾವು ಲೆಕ್ಕಕ್ಕೇ ಹಿಡೀಲಿಲ್ಲ

ಹೋದ ವರ್ಷ, ಫಸ್ಟ್ ಇಯರಲ್ಲಿ, ನಮ್ಮ ಕ್ಲಬ್ ಮೀಟಿಂಗಲ್ಲಿ ಒಂದು ಪ್ರಶ್ನೆ ಬಂತು: ನಿಮ್ಮ ಮನೇಲಿ ಪುಸ್ತಕ ಓದೋರು ಯಾರು? ಕೆಲವರು ಅಪ್ಪ ಅಂದ್ರು, ಕೆಲವರು ತಾತ ಅಂದ್ರು. ನಮ್ಮ ಸರದಿ ಬಂದಾಗ, "ಅಂಥಾ ಓದೋರು ಯಾರೂ ಇಲ್ಲ, ಮಮ್ಮಿ ಬೈಬಲ್ ಓದ್ತಾಳೆ ಅಷ್ಟೆ" ಅಂತ ಹೇಳಿ ಕೂತ್ವಿ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಮಗೂ ಕಾಣಲಿಲ್ಲ. ಈಗ ಕಾಣ್ತಿದೆ, ಅದಕ್ಕೇ ಬರೀತಿದ್ದೀವಿ.

ನಮ್ಮದು ಬೆಟಗೇರಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ಈ ಕಡೆ ಹಬ್ಬಿದರು. ನಮ್ಮಂಥ ಮನೆಗಳಲ್ಲಿ ಪ್ರಾರ್ಥನೆನೂ ಕನ್ನಡದಲ್ಲೇ, ಜಗಳನೂ ಕನ್ನಡದಲ್ಲೇ. ಆದರೂ ಹಾಸ್ಟೆಲಲ್ಲಿ "ಕ್ರಿಶ್ಚಿಯನ್ನಾ? ಹಾಗಾದ್ರೆ ಮನೇಲಿ ಇಂಗ್ಲಿಷ್ ಮಾತಾಡ್ತೀರಾ?" ಅಂತ ಕೇಳೋರು ಇದ್ದಾರೆ. 1843ರ 'ಮಂಗಳೂರ ಸಮಾಚಾರ' ತಂದದ್ದು ಮಿಶನ್ನಿನ ಮೋಗ್ಲಿಂಗ್, 1894ರ ನಿಘಂಟು ಮಾಡಿದ್ದು ಕಿಟೆಲ್ ಅಂತ ಉತ್ತರ ಕೊಡಬಹುದು, ಕೊಟ್ಟೂ ಇದ್ದೀವಿ. ಆದರೆ ನಿಜ ಹೇಳಬೇಕಂದ್ರೆ, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಾವು ಅಕ್ಕ-ತಂಗಿ ಇಬ್ಬರೂ ಆ ಪ್ರಶ್ನೆನ ಅರ್ಧ ನಿಜ ಮಾಡಿಟ್ಟಿದ್ದೀವಿ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಮಾರ್ಕ್ಸ್ ಚೆನ್ನಾಗೇ ಬಂದಿತ್ತು. ಒಂದು ಪುಟ ಗಟ್ಟಿಯಾಗಿ ಓದು ಅಂದ್ರೆ ಮಾತ್ರ ಒತ್ತಕ್ಷರದ ಹತ್ರ ಗಾಡಿ ನಿಂತುಬಿಡುತ್ತೆ.

ಮಮ್ಮಿ ಎದ್ದೇಳೋದು ಐದಕ್ಕೆ. ಅಡುಗೆಮನೆ ಬಾಗಿಲ ಹತ್ರ ಒಂದು ಪ್ಲಾಸ್ಟಿಕ್ ಕುರ್ಚಿ, ಜಿಪ್ ಕವರಿನ 'ಸತ್ಯವೇದವು', ಒಂದು ಮೊಂಡು ಪೆನ್ಸಿಲ್. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇರೋದ್ರಿಂದ ತಾರೀಖಿಗೆ ಒಂದರಂತೆ ಓದ್ತಾಳೆ. ಕಡೇ ಅಧ್ಯಾಯದಲ್ಲಿ ಗುಣವಂತ ಹೆಂಡತಿಯ ವರ್ಣನೆ ಬರುತ್ತೆ. ಆಕೆ ಬೆಳಗಾಗೋಕೆ ಮುಂಚೆ ಎದ್ದು ಮನೆಮಂದಿಗೆಲ್ಲ ಊಟಕ್ಕೆ ಅಣಿಮಾಡ್ತಾಳೆ, ಹೊಲ ಕೊಳ್ತಾಳೆ, ರಾತ್ರಿ ದೀಪ ಆರಿಸೋದಿಲ್ಲ. ಸ್ತ್ರೀಯರ ಸಂಘದ ಭಾನುವಾರ ಅಂದ್ರೆ ಇದೇ ಭಾಗದ ಮೇಲೆ ಪ್ರಸಂಗ. ಮಮ್ಮಿ ಹೇಳೋದು: "31ನೇ ತಾರೀಖು ವರ್ಷಕ್ಕ ಏಳ ಸಲ ಬರ್ತದ. ಅಷ್ಟು ಸಾಕು."

ಸತ್ಯವೇದದ ಕೆಳಗೆ ಇನ್ನೊಂದು ಪುಸ್ತಕ ಇರುತ್ತೆ. ಗ್ರಂಥಾಲಯದಿಂದ ತಂದ ಕಾದಂಬರಿ, ಇಲ್ಲಾಂದ್ರೆ ಪಕ್ಕದ ಮನೆಯಿಂದ ತಂದ ಹಳೇ ಸುಧಾ, ತರಂಗ. ಅಧ್ಯಾಯ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ ಕಾದಂಬರಿ ಶುರು. ಇದರ ಹಿಂದಿನ ಲೆಕ್ಕಾಚಾರ ನಮಗೆ ಚಿಕ್ಕವರಿದ್ದಾಗಲೇ ಗೊತ್ತಿತ್ತು. ಸತ್ಯವೇದ ತೆರೆದಿದ್ರೆ ನಮ್ಮ ಮನೇಲಿ ಯಾರೂ ಚಹಾ ಕೇಳೋದಿಲ್ಲ. ಪಪ್ಪನೂ ಕಾಯ್ತಾರೆ, ಅಜ್ಜಿನೂ ದನಿ ಸಣ್ಣ ಮಾಡ್ತಾಳೆ. ಕಾದಂಬರಿ ತೆರೆದ್ರೆ ಎರಡು ನಿಮಿಷಕ್ಕೆ ಒಬ್ಬರು ಕರೀತಾರೆ. ಮಾಡೋ ಕೆಲಸ ಒಂದೇ, ಕೂತು ಓದೋದು. ದೇವರ ಹೆಸರಿದ್ರೆ ಮಾತ್ರ ಮನೆ ಅದಕ್ಕೆ ರಜೆ ಕೊಡುತ್ತೆ. ಒಮ್ಮೆ ಅಕ್ಕ, "ಮಮ್ಮಿ, ಇದು ಮೋಸ ಅಲ್ವಾ?" ಅಂದಳು. "ದೇವರಿಗೆ ಗೊತ್ತೈತಿ. ಮುಚ್ಚಿಟ್ಟಿದ್ದು ನಿಮ್ಮಿಂದ" ಅಂದುಬಿಟ್ಟಳು. ಮಮ್ಮಿಯ ಭಕ್ತಿ ಸುಳ್ಳು ಅಂತ ಇದರ ಅರ್ಥ ಅಲ್ಲ. ಪ್ರಾರ್ಥನೆ ಬಿಟ್ಟ ದಿನ ಅವಳ ಮುಖ ನೋಡಿದ್ರೆ ಗೊತ್ತಾಗುತ್ತೆ.

ಈ ಸಲ ಸೆಮಿಸ್ಟರ್ ರಜೆಯಲ್ಲಿ ಮಮ್ಮಿಗೆ ಕಣ್ಣಿನ ಪೊರೆ ಆಪರೇಶನ್ ಆಯ್ತು. ಸಕ್ಕರೆ ಕಾಯಿಲೆ ಇದ್ದದ್ದಕ್ಕೋ ಏನೋ, ಐವತ್ತಕ್ಕೇ ಬಂದಿತ್ತು. ಒಲೆ ಮುಂದೆ ನಿಲ್ಲಬೇಡಿ, ಬಗ್ಗಬೇಡಿ, ಹೊಸ ಕನ್ನಡಕದ ನಂಬರ್ ಒಂದು ತಿಂಗಳ ಮೇಲೆ ಕೊಡ್ತೀವಿ ಅಂದ್ರು ಡಾಕ್ಟರ್. ಅಂದ್ರೆ ಒಂದು ತಿಂಗಳು ಓದಿಲ್ಲ. ಆಪರೇಶನ್ನಿಗೆ ಹೆದರದ ಹೆಂಗಸು ಇದಕ್ಕೆ ಮಂಕಾದಳು. ನಾವು ಬುದ್ಧಿವಂತರಲ್ವಾ, ಫೋನಿಗೆ ಕನ್ನಡ ಬೈಬಲ್ಲಿನ ಆಡಿಯೋ ಹಾಕಿಕೊಟ್ವಿ. ಒಂದು ದಿನ ಕೇಳಿ ಪಕ್ಕಕ್ಕಿಟ್ಟಳು. "ಚೊಲೊ ಓದ್ತಾನ ಪಾಪ. ಆದ್ರ ನಾ ನಿಲ್ಲೂ ಕಡೆ ಅವ ನಿಲ್ಲಂಗಿಲ್ಲ" ಅಂದಳು. ಆಮೇಲೆ ನಮ್ಮ ಕಡೆ ತಿರುಗಿ, "ನೀವ ಓದ್ರಿ" ಅಂದಳು.

ಮೊದಲನೇ ದಿನ ನಮ್ಮ ಮೇಲೆ ಕರುಣೆ ಇಟ್ಟು 117ನೇ ಕೀರ್ತನೆ ಹೇಳಿದಳು. ಎರಡೇ ವಚನ. ಅದರಲ್ಲೂ ಎಡವಿದ್ವಿ. ಮಮ್ಮಿ ನಗಲಿಲ್ಲ. ಕಣ್ಣು ಮುಚ್ಚಿಕೊಂಡು, ತಪ್ಪಿದ ಪದನ ಬಾಯಿಪಾಠದಿಂದಲೇ ಸರಿಮಾಡಿದಳು. ಅವಳ ಎದುರಿಗೆ ನಾಚಿಕೆ ಆದಷ್ಟು ಯಾವ ವೈವಾದಲ್ಲೂ ಆಗಿಲ್ಲ.

ಒಂದು ವಾರಕ್ಕೆ ಸ್ವಲ್ಪ ಸಲೀಸಾಯ್ತು. ಬೆಳಿಗ್ಗೆ ಯೋಬನ ಪುಸ್ತಕ, ಸಂಜೆ ತ್ರಿವೇಣಿಯವರ 'ಶರಪಂಜರ'. ಎರಡೂ ಅವಳ ಆಯ್ಕೆ. ಯೋಬ ಎಲ್ಲ ಕಳಕೊಂಡು ಬೂದಿಯಲ್ಲಿ ಕೂತಿರ್ತಾನೆ. ಮೂರು ಜನ ಗೆಳೆಯರು ಸಮಾಧಾನ ಹೇಳೋಕೆ ಬಂದು, ಏಳು ದಿನ ಮಾತಿಲ್ಲದೆ ಅವನ ಜೊತೆ ಕೂತು, ಆಮೇಲೆ ಬಾಯಿ ತೆರೆದು ನಿನ್ನದೇ ಏನೋ ಪಾಪ ಇರಬೇಕು ಅಂತ ಅಧ್ಯಾಯಗಟ್ಟಲೆ ವಾದ ಮಾಡ್ತಾರೆ. 'ಶರಪಂಜರ'ದ ಕಾವೇರಿಗೆ ಬಾಣಂತನದಲ್ಲಿ ಮನಸ್ಸಿನ ಕಾಯಿಲೆ ಆಗುತ್ತೆ. ವಾಸಿಯಾಗಿ ಮನೆಗೆ ಬಂದ ಮೇಲೂ ಸುತ್ತಲಿನವರು ಅವಳನ್ನ ಹುಚ್ಚಿ ಅಂತಾನೇ ನೋಡ್ತಾರೆ. ಒಂದು ಸಂಜೆ ಅಕ್ಕ ಓದ್ತಿದ್ದಾಗ ಮಮ್ಮಿ ಕೈಯೆತ್ತಿ ನಿಲ್ಲಿಸಿದಳು. "ಇವರೆಲ್ಲ ಯೋಬನ ಗೆಳೆಯರ. ಅವರರ ಏಳು ದಿನ ಸುಮ್ನ ಕೂತಿದ್ರು. ಈಕಿಗೆ ಅಷ್ಟೂ ಸಿಗಲಿಲ್ಲ."

ನಾವು ಸುಮ್ಮನಾದ್ವಿ. ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಎರಡು ಪುಸ್ತಕ ಮೇಲೆ ಕೆಳಗೆ ಇಟ್ಟುಕೊಂಡು ಓದಿದವಳಿಗೆ ಮಾತ್ರ ಬರೋ ಮಾತು ಅದು. ಕಾವೇರಿ ಹಿಂದೂ ಮನೆಯವಳು, ಯೋಬ ಯಾವುದೋ ದೂರದೇಶದವನು ಅನ್ನೋ ಗೋಡೆ ಅವಳ ತಲೆಯಲ್ಲಿ ಇರಲೇ ಇಲ್ಲ. ನಾವು ವರ್ಷಕ್ಕೆ ಇಷ್ಟು ಪುಸ್ತಕ ಅಂತ ಆ್ಯಪಲ್ಲಿ ಟಾರ್ಗೆಟ್ ಹಾಕಿ, ಸೆಲ್ಫ್ ಹೆಲ್ಪ್ ಪುಸ್ತಕದ ಸಮ್ಮರಿ ಓದಿ ಮುಗೀತು ಅಂತ ಟಿಕ್ ಮಾಡ್ತೀವಲ್ಲ, ಅದನ್ನ ಓದು ಅಂತ ಕರೆದು ಇದನ್ನ "ಅಷ್ಟೆ" ಅಂದಿದ್ವಿ.

ಆ ತಿಂಗಳು ಅಡುಗೆಮನೆನೂ ನಮ್ಮ ಪಾಲಿಗೆ ಬಂದಿತ್ತು, ಅದನ್ನ ಹೇಳದೆ ಬಿಡೋಕಾಗಲ್ಲ. ರೊಟ್ಟಿ ಅಜ್ಜಿ ಬಡೀತಿದ್ದಳು, ಉಳಿದದ್ದೆಲ್ಲ ನಮ್ಮದು. ಪಲ್ಯ, ಸಾರು, ಪಾತ್ರೆ, ನೀರು ಬಂದ ದಿನ ತುಂಬಿಡೋದು. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆದು ಕೂತರೆ ಕೈಯಲ್ಲಿ ಫೋನ್ ಹಿಡಿಯೋಕೂ ಶಕ್ತಿ ಇರ್ತಿರಲಿಲ್ಲ, ಪುಸ್ತಕ ದೂರದ ಮಾತು. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮಾರ್ಥ ಮರಿಯರ ಕಥೆ ಇದೆ. ಯೇಸು ಮನೆಗೆ ಬಂದಾಗ ಅಕ್ಕ ಮಾರ್ಥ ಉಪಚಾರದ ಗಡಿಬಿಡಿಯಲ್ಲಿ ಇರ್ತಾಳೆ, ತಂಗಿ ಮರಿಯ ಅವರ ಪಾದದ ಹತ್ರ ಕೂತು ಮಾತು ಕೇಳ್ತಾಳೆ. ಮರಿಯ ಒಳ್ಳೇದನ್ನ ಆರಿಸಿಕೊಂಡಳು ಅಂತ ಯೇಸು ಹೇಳ್ತಾರೆ. ಮಮ್ಮಿಗೆ ಈ ಭಾಗ ಬಹಳ ಇಷ್ಟ, ಪೆನ್ಸಿಲ್ ಗೆರೆ ದಪ್ಪಗಿದೆ. ಯಾಕೆ ಅಂತ ಕೇಳಿದ್ವಿ. "ಹೆಣ್ಮಗಳಿಗೆ ಕೂತು ಕೇಳು ಅಂದಾರಲ್ಲ, ಅದಕ್ಕ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಅಡಗಿ ಯಾರ ಮಾಡಿದ್ರೋ ಬರದಿಲ್ಲ ನೋಡ್ರಿ" ಅಂದಳು.

ನಮ್ಮ ಪ್ರಕಾರ ಪ್ರಶ್ನೆ ಇರೋದೇ ಅಲ್ಲಿ. ಅಮ್ಮಂದಿರು ಓದಲ್ಲ ಅಂತ ಹೇಳೋ ನಾವು, ಅವರು ಓದ್ತಾ ಕೂತಾಗ ಎಷ್ಟು ಸಲ ಕರೆದಿದ್ದೀವಿ ಅಂತ ಎಣಿಸಿಲ್ಲ. ಸತ್ಯವೇದ ಇದ್ದದ್ದಕ್ಕೆ ನಮ್ಮ ಮಮ್ಮಿಗೆ ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಸಿಕ್ಕಿದೆ. ನಿಮ್ಮ ಮನೇಲಿ ಅದು ಲಲಿತಾ ಸಹಸ್ರನಾಮ ಇರಬಹುದು, ಕುರಾನ್ ಇರಬಹುದು, ವಚನ ಇರಬಹುದು. ಅದರ ಕೆಳಗೆ ಇನ್ನೊಂದು ಪುಸ್ತಕ ಇದೆಯಾ ನೋಡಿ. ಇದ್ರೆ ಅದನ್ನ ಮೇಲೆ ಇಟ್ಟುಕೊಂಡು ಓದೋ ಹಾಗೆ ಮಾಡೋದು ನಮ್ಮ ಕೈಲಿದೆ. ಅದಕ್ಕೆ ಭಾಷಣ ಬೇಡ, ರಜೆಗೆ ಹೋದಾಗ ಮಧ್ಯಾಹ್ನದ ಪಾತ್ರೆ ತೊಳೆದ್ರೆ ಒಂದು ಗಂಟೆ ಬರುತ್ತೆ. ಇದು ಗಂಡುಮಕ್ಕಳಿಗೂ ಹೇಳ್ತಿರೋದು, ಅವರಿಗೇ ಹೆಚ್ಚು.

ಹೊಸ ಕನ್ನಡಕ ಬಂದಿದೆ. ಮಮ್ಮಿ ಈಗ ತಾನೇ ಓದ್ಕೊಳ್ತಾಳೆ, ನಮಗಿಂತ ಹತ್ತು ಪಟ್ಟು ಬೇಗ. ಆದರೂ ಭಾನುವಾರ ಆರಾಧನೆ ಮುಗಿಸಿ ಬಂದು ವಿಡಿಯೋ ಕಾಲ್ ಮಾಡಿದಾಗ, "ಓದ್ರಿ ಒಂದೀಟು" ಅಂತಾಳೆ. 'ಶರಪಂಜರ' ಮುಗಿದಿಲ್ಲ. ಹಾಸ್ಟೆಲ್ ಲೈಬ್ರರಿಯಲ್ಲಿ ಸಿಗಲಿಲ್ಲ ಅಂತ ಮಮ್ಮಿ ಪುಟಗಳ ಫೋಟೋ ತೆಗೆದು ಕಳಿಸ್ತಾಳೆ. ಹೆಬ್ಬೆರಳು ಅಡ್ಡ ಬಂದು ಪ್ರತಿ ಪುಟದಲ್ಲೂ ಮೂಲೆಯ ಎರಡು ಸಾಲು ಕಾಣಲ್ಲ. ಅವನ್ನ ಅವಳೇ ಹೇಳ್ತಾಳೆ.