ಬೋರಾನ್ ನೈಟ್ರೈಡಿಗೊಂದು ಕನ್ನಡ ಪಾಠ

ಕನ್ನಡ ಪಂಡಿತನಿಗೆ ರಸಾಯನಶಾಸ್ತ್ರದಲ್ಲೇನು ಕೆಲಸವೆಂದು ವಾಚಕ ಮಹಾಶಯರು ನಗದಿರಲಿ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದರು. ಪಂಪಭಾರತದ ಸಂಪಾದನೆಗೂ ಕೈಯಿಕ್ಕಿದರು. ಮಳವಳ್ಳಿಯ ಕಡೆಯ ವಿದ್ಯಾರ್ಥಿಯೊಬ್ಬನು, ಗಣಿತದಲ್ಲಿ ಚುರುಕಾಗಿದ್ದವನು, ಇಂಗ್ಲಿಷಿನ ಭೀತಿಯೊಂದರಿಂದಲೇ ವಿಜ್ಞಾನವನ್ನು ತೊರೆದುದು ಈ ಲೇಖನಕ್ಕೆ ಕಾರಣ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಬಯಲಿನಲ್ಲಿ ಯೂರಿಯಾ ಅರಿಯದ ಮಗುವಿಲ್ಲ. ಕೇರಂ ಹಲಗೆಗೆ ಬೋರಿಕ್ ಪುಡಿ ಎರಚದ ಹುಡುಗನೂ ವಿರಳ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಭಾರತರತ್ನ ಸಿ.ಎನ್.ಆರ್. ರಾವ್ ಅವರೂ ಸಹೋದ್ಯೋಗಿಗಳೂ 2010ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಬೇಕಾದುದು ಈ ಎರಡು ದ್ರವ್ಯಗಳೇ. ಇವನ್ನು ಕೂಡಿಸಿ, ನೈಟ್ರೋಜನ್ ಅನಿಲದ ನಡುವೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕಾಯಿಸಿದರೆ, ಯೂರಿಯಾ ಒಡೆದು ಅಮೋನಿಯಾ ಹೊರಡುತ್ತದೆ. ಬೋರಿಕ್ ಆಮ್ಲವು ನೀರನ್ನು ಕಳೆದುಕೊಂಡು ಬೋರಾನ್ ಆಕ್ಸೈಡಾಗುತ್ತದೆ. ಇವೆರಡರಿಂದ ಬಿಳಿಯ ಬೋರಾನ್ ನೈಟ್ರೈಡ್ ಜನಿಸುತ್ತದೆ. ಗ್ರಾಫೈಟಿನಂತೆ ಪದರಪದರ, ಆದರೆ ವಿದ್ಯುತ್ತನ್ನು ಹರಿಯಗೊಡದು. ವಿಸ್ಮಯವೆಂದರೆ, ಯೂರಿಯಾದ ಪ್ರಮಾಣ ಏರಿದಂತೆ ಪದರಗಳು ತಗ್ಗುತ್ತ ಒಂದರಿಂದ ನಾಲ್ಕರೊಳಗೆ ನಿಲ್ಲುತ್ತವೆ. ನ್ಯಾನೋ ಎಂದರೆ ಮೀಟರಿನ ನೂರು ಕೋಟಿ ಪಾಲಿನಲ್ಲೊಂದು. ಈ ಪದರಗಳ ದಪ್ಪ ಅಷ್ಟು ಸೂಕ್ಷ್ಮ. ಅಂಥ ಪುಡಿ ಇಂಗಾಲದ ಡೈಆಕ್ಸೈಡನ್ನು ಹೇರಳವಾಗಿ ಹಿಡಿದಿಡುತ್ತದೆ, ಜಲಜನಕವನ್ನು ಮಾತ್ರ ಬಹುಮಟ್ಟಿಗೆ ಮುಟ್ಟದು. (ಇದು ಕುಲುಮೆಯ ಕೆಲಸ, ಅಡುಗೆಮನೆಯಲ್ಲಿ ಯಾರೂ ಸಾಹಸಕ್ಕಿಳಿಯಬಾರದು.)

ಇಂಥ ಮೂಲವಸ್ತುವನ್ನು ‘ಪೂರ್ವಗಾಮಿ’ ಎನ್ನುವವರುಂಟು. ನನ್ನ ಕಿವಿಗೆ ಅದು ಮೆರವಣಿಗೆಯ ಮುಂದೆ ನಡೆಯುವವನ ಹೆಸರು. ಮುಂದೆ ನಡೆದವನು ಹಿಂದೆ ಬಂದವನಾಗಿ ಮಾರ್ಪಡುವುದಿಲ್ಲವಷ್ಟೆ. ‘ಜನಕದ್ರವ್ಯ’ ಎನ್ನೋಣ. ‘ಜಲಜನಕ’ವನ್ನು ಅರಗಿಸಿಕೊಂಡ ಭಾಷೆಗೆ ಇದು ಭಾರವಾಗದು. ಆದರೆ ಬೋರಾನಿಗೂ ಯೂರಿಯಾಕ್ಕೂ ಹೊಸ ನಾಮಕರಣ ಬೇಡವೇ ಬೇಡ. ಎರಡನೆಯದನ್ನಂತೂ ನಮ್ಮ ರೈತರೇ ಕನ್ನಡವಾಗಿಸಿದ್ದಾರೆ.

ರಾವ್ ಅವರು ಸ್ವತಃ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಮನೆಯಲ್ಲಿ ಇಂಗ್ಲಿಷ್ ಮಾತು ನಡೆಯುತ್ತಿತ್ತೆಂಬುದನ್ನೂ ಮರೆಮಾಚಲಾರೆ. ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಆದುದರಿಂದಲೇ ಶಾಲೆಯ ಹೊಣೆ ಇಮ್ಮಡಿಯಾಯಿತು. ಇಂಗ್ಲಿಷನ್ನು ಬಿಡಿಸಿರೆಂದು ನಾನು ಹೇಳುತ್ತಿಲ್ಲ. ವಿಷಯ ಮೊದಲು ಕನ್ನಡದಲ್ಲಿ ಮನಸ್ಸಿಗಿಳಿಯಲಿ, ಇಂಗ್ಲಿಷ್ ಹೆಸರುಗಳು ಜತೆಜತೆಗೇ ಬರಲಿ ಎಂಬುದಷ್ಟೇ ನನ್ನ ಬಿನ್ನಹ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಈ ವರ್ಷ ಹೆಸರು ಕೆತ್ತಿದ ಕಲ್ಲಿಗೆ ಬದಲಾಗಿ, ಮಿಲಿಗ್ರಾಂ ತೂಗುವ ತಕ್ಕಡಿಯೊಂದನ್ನು ಪ್ರಯೋಗಶಾಲೆಗೆ ಕೊಡಲಿ. ಪದರಗಳ ಲೆಕ್ಕವೆಲ್ಲ ತೂಕವನ್ನೇ ಅವಲಂಬಿಸಿದೆ. ಪಾಠದ ಕನ್ನಡವನ್ನು ರಸಾಯನದ ಉಪಾಧ್ಯಾಯರ ಜತೆ ಕುಳಿತು ತಿದ್ದಲು ನಾನು ಸಿದ್ಧನಿದ್ದೇನೆ.